ಜಕ್ಕೂರಿನ ದಾರಿ ನನಗೆ ತಿಳಿದಿರಲಿಲ್ಲ

ಕಳೆದ ತಿಂಗಳು ದಾವಣಗೆರೆಯ ಹೈಸ್ಕೂಲ್ ಮೈದಾನದ ಬಳಿ ಹರಿಹರದ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ "ಸಾರ್" ಎಂದು ಕರೆದರು. ತಿರುಗಿ ನೋಡಿದರೆ ಐವತ್ತೈದರ ಆಸುಪಾಸಿನ ಒಬ್ಬ ಗೃಹಸ್ಥ, ಜೊತೆಯಲ್ಲಿ ಪಿಯುಸಿ ಓದುವ ವಯಸ್ಸಿನ ಮಗಳು. ನಾನು ಬೇಡವೆಂದರೂ ಕೇಳದೆ ರಸ್ತೆಬದಿಯಲ್ಲಿಯೇ ಬಾಗಿ ನಮಸ್ಕರಿಸಿದ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. 1986ರಲ್ಲಿ ಹರಿಹರದ ಪ್ರೌಢಶಾಲೆಯಲ್ಲಿ ನನ್ನ ಎಸ್ಸೆಸ್ಸೆಲ್ಸಿ ತರಗತಿಯ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ದಾವಣಗೆರೆಯಲ್ಲಿ ಎರಡು ಲೇತ್ ಯಂತ್ರಗಳ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನಂತೆ. ಕುಶಲ ವಿಚಾರಿಸಿದ ಮೇಲೆ ಮಗಳನ್ನು ಮುಂದೆ ಮಾಡಿ ಹೇಳಿದ:

"ಇವ್ಳಿಗೆ ಪೈಲಟ್ ಆಗ್ಬೇಕಂತೆ ಸಾರ್. ಎಲ್ಲಿ ಸೇರ್ಬೇಕು, ಏನ್ ಓದ್ಬೇಕು, ನೀವೇ ಒಂದು ದಾರಿ ಹೇಳ್ರಿ."

ಅವನು ನಗುನಗುತ್ತಲೇ ಕೇಳಿದ. ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆದರೂ ನನಗೆ ಚುಚ್ಚಿತು. ಏಕೆಂದರೆ ಮೂವತ್ತೊಂಬತ್ತು-ನಲವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಅವನೇ ನನ್ನ ಮುಂದೆ ಇಟ್ಟಿದ್ದ. ಅಂದು ನಾನು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ. "ಅದೆಲ್ಲ ನಮ್ಮಂಥೋರಿಗಲ್ಲಪ್ಪ, ದುಡ್ಡಿದ್ದೋರ ಮಕ್ಳಿಗೆ. ನೀನು ಐಟಿಐ ಸೇರು, ಟರ್ನರ್ ಕಲಿ, ನಿಮ್ಮಪ್ಪನಿಗೂ ಆಸರೆಯಾಗ್ತದೆ" ಎಂದಿದ್ದೆ. ಅವನ ತಂದೆ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಹುಡುಗ ಮರುಮಾತಾಡದೆ ತಲೆಯಾಡಿಸಿ ಹೋದ. ಆ ಜೂನ್‌ನಲ್ಲಿಯೇ ಐಟಿಐ ಸೇರಿದ. ಗುರುವಿನ ಮಾತು ಆ ಕಾಲಕ್ಕೆ ಹಾಗೆ ನಡೆಯುತ್ತಿತ್ತು.

ಈ ಬಾರಿ ಆ ತಪ್ಪು ಮಾಡಬಾರದೆಂದು "ಎರಡು ವಾರ ಸಮಯ ಕೊಡಮ್ಮ, ವಿಚಾರಿಸಿ ಹೇಳುತ್ತೇನೆ" ಎಂದೆ. ಆ ಎರಡು ವಾರ ಓದುತ್ತ, ಬಲ್ಲವರನ್ನು ಕೇಳುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. 1986ರಲ್ಲಿ ನಾನು ಕೊಟ್ಟ ಉತ್ತರ ಪೂರ್ತಿ ಸುಳ್ಳಲ್ಲದಿದ್ದರೂ ಅಜ್ಞಾನದ ಉತ್ತರವಾಗಿತ್ತು. ವಿಮಾನ ಹಾರಿಸುವುದನ್ನು ಬಡವರ, ಮಧ್ಯಮವರ್ಗದವರ ಮಕ್ಕಳಿಗೂ ಕಲಿಸಬೇಕೆಂಬ ಪ್ರಯತ್ನ ನಮ್ಮ ಮೈಸೂರು ಸೀಮೆಯಲ್ಲಿಯೇ, ನಾನು ಹುಟ್ಟುವ ಮೊದಲೇ ನಡೆದಿತ್ತು. ಆ ಇತಿಹಾಸವನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನಾನು ಅಂದು ಹೇಳಿದ "ದುಡ್ಡಿದ್ದವರ ಮಕ್ಕಳಿಗೆ" ಎಂಬ ಮಾತಿಗೆ ಆಧಾರವೇ ಇರಲಿಲ್ಲವೆನ್ನಲಾಗದು. ನಮ್ಮ ದೇಶದಲ್ಲಿ ವಿಮಾನ ಹಾರಾಟ ಕಲಿಕೆ ಆರಂಭವಾದದ್ದು ಕ್ಲಬ್ಬುಗಳಲ್ಲಿ. 1920ರ ದಶಕದ ಕೊನೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಕರಾಚಿಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದವು. 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರಿಗೆ ಭಾರತದಲ್ಲಿ ನೀಡಲಾದ ಮೊದಲ ಸಂಖ್ಯೆಯ ಪೈಲಟ್ ಪರವಾನಗಿ ದೊರೆಯಿತು. ಕ್ಲಬ್ಬಿನ ಸದಸ್ಯರೆಂದರೆ ಯುರೋಪಿಯನ್ ಅಧಿಕಾರಿಗಳು, ದೊಡ್ಡ ವ್ಯಾಪಾರಸ್ಥರು, ಸಂಸ್ಥಾನಿಕರು. ಗಂಟೆಗಿಷ್ಟು ಎಂದು ಹಣ ತೆತ್ತು ಹಾರುವ ಆ ಪದ್ಧತಿಯಲ್ಲಿ ಹತ್ತಿಯ ಮಿಲ್ಲಿನ ಕೂಲಿಕಾರನ ಮಗನಿಗೆ ಜಾಗವಿರಲಿಲ್ಲ.

ಅದೇ ಕಾಲದಲ್ಲಿ ಬೇರೆ ದೇಶಗಳಲ್ಲಿ ಮತ್ತೊಂದು ವಿಚಾರ ಮೊಳೆತಿತ್ತು. ಹಾರಾಟವನ್ನು ಕಾಲೇಜಿನ ಮೂಲಕ ಕಲಿಸಿದರೆ ಹೇಗೆ ಎಂಬುದು ಆ ವಿಚಾರ. ಬ್ರಿಟನ್ನಿನ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ 1925ರಲ್ಲಿಯೇ ವಾಯುಪಡೆಯ ಸಹಯೋಗದ ವಿದ್ಯಾರ್ಥಿ ಸ್ಕ್ವಾಡ್ರನ್‌ಗಳು ಆರಂಭವಾದವು. ಅಮೆರಿಕದಲ್ಲಿ 1938ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ವರ್ಷಕ್ಕೆ 20,000 ಕಾಲೇಜು ವಿದ್ಯಾರ್ಥಿಗಳಿಗೆ ಹಾರಾಟ ಕಲಿಸುವ ಯೋಜನೆಯನ್ನು ಪ್ರಕಟಿಸಿದರು. ತರಗತಿಯ ಪಾಠ ಕಾಲೇಜಿನಲ್ಲಿ, ಹಾರಾಟದ ಪಾಠ ಸಮೀಪದ ವಿಮಾನ ಮೈದಾನದಲ್ಲಿ, ವೆಚ್ಚದ ಬಹುಪಾಲು ಸರ್ಕಾರದ್ದು. ಕರಿಯರಿಗೆ ವಿಮಾನ ಹಾರಿಸುವ ಸಾಮರ್ಥ್ಯವಿಲ್ಲವೆಂದು ದೊಡ್ಡ ದೊಡ್ಡ ಅಧಿಕಾರಿಗಳು ನಂಬಿದ್ದ ಆ ದೇಶದಲ್ಲಿ ಅಲಬಾಮಾ ರಾಜ್ಯದ ಟಸ್ಕೀಗೀ ಎಂಬ ಕರಿಯರ ವಿದ್ಯಾಸಂಸ್ಥೆಯೂ ಈ ಯೋಜನೆಗೆ ಸೇರಿತು. 1942ರ ಮಾರ್ಚ್‌ನಲ್ಲಿ ಅಲ್ಲಿಂದ ಸೇನಾ ಪೈಲಟ್‌ಗಳ ಮೊದಲ ತಂಡ ಹೊರಬಂದಿತು. ಕಾಲೇಜಿನ ಬಾಗಿಲು ತೆರೆದರೆ ಆಕಾಶದ ಬಾಗಿಲೂ ತೆರೆಯಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಆಗ ದಾವಣಗೆರೆ, ಹರಿಹರಗಳೆರಡೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಮುಂಬಯಿ ಪ್ರಾಂತ. ಸಂಸ್ಥಾನದ ಕಟ್ಟಕಡೆಯ ಊರು ನಮ್ಮದು. ರಾಜಧಾನಿಯಲ್ಲಿ ನಡೆಯುವುದು ನಮಗೆ ರೈಲಿನಲ್ಲಿ ಬರುವ ಪತ್ರಿಕೆಯಷ್ಟೇ ದೂರ. ಆದರೆ ಯುದ್ಧಕಾಲದ ಒಂದು ಬೆಳವಣಿಗೆ ಎರಡೂ ತುದಿಗಳನ್ನು ಮುಟ್ಟಿತು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ ಅದಕ್ಕೆ ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟಿತು. ಮರುವರ್ಷ, 1941ರಲ್ಲಿ, ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ವಿಮಾನ ಕಾರ್ಖಾನೆ, ಲೇತ್ ಕಾರ್ಖಾನೆ ಎರಡೂ ಒಂದೇ ಸಂಸ್ಥಾನದಲ್ಲಿ ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ ಒಡಹುಟ್ಟುಗಳು. ಸಂಸ್ಥಾನ ಹೂಡಿದ ಹಣದಲ್ಲಿ ನಮ್ಮ ಹಿರಿಯರು ತೆತ್ತ ಕಂದಾಯವೂ ಸೇರಿತ್ತು ಎಂಬುದನ್ನು ನಾವು ಮರೆಯಬಾರದು.

ವಿಮಾನ ಕಟ್ಟುವವರಿಗೆ ವಿದ್ಯೆಯೂ ಬೇಕಲ್ಲವೇ? 1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಯಲ್ಲಿ, ವಿಮಾನ ಶಾಸ್ತ್ರದ ವಿಭಾಗ ಆರಂಭವಾಯಿತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರಲ್ಲಿ ಕಲಿತು ಬಂದ ಡಾ. ವಿ.ಎಂ. ಘಾಟಗೆ ಅಲ್ಲಿ ಮೊದಲು ಪಾಠ ಹೇಳಿದವರು. ಮುಂದೆ ಅವರೇ ವಿಮಾನ ಕಾರ್ಖಾನೆಯಲ್ಲಿ ತರಬೇತಿ ವಿಮಾನಗಳ ವಿನ್ಯಾಸದ ನೇತೃತ್ವ ವಹಿಸಿದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948, ಈ ಕಥೆಯ ಮುಖ್ಯ ವರ್ಷ. ಆ ವರ್ಷ ಎರಡು ಘಟನೆಗಳು ನಡೆದವು. ಮೊದಲನೆಯದು ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಸ್ಥಾಪನೆ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ಆಸಕ್ತಿಯಿಂದ ಇನ್ನೂರಕ್ಕೂ ಹೆಚ್ಚು ಎಕರೆ ಭೂಮಿ ಅದಕ್ಕೆ ದೊರೆಯಿತು. ಹೆಸರನ್ನು ಗಮನಿಸಿ: ಅದು ಕ್ಲಬ್ಬಲ್ಲ, ಸರ್ಕಾರಿ ಶಾಲೆ! ನಾನು ಜೀವಮಾನವಿಡೀ ಪಾಠ ಹೇಳಿದ ಶಾಲೆಗಳ ಹಾಗೆಯೇ ಪ್ರಜೆಗಳ ಹಣದಿಂದ ನಡೆಯುವ ಶಾಲೆ. ಆ ಶಾಲೆಯ ಹೊಣೆ ಹೊತ್ತವರು ವಿ. ಸುಂದರಂ ಎಂಬ ವೈಮಾನಿಕರು. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಅಲ್ಲಿ ತರಬೇತಿ ಮುಗಿಸಿ ಹೊರಬಂದ ಮೊದಲಿಗರು. ಜಕ್ಕೂರು ಶಾಲೆಯ ಮೊದಲ ಪದವೀಧರೆ ಒಬ್ಬ ಮಹಿಳೆ ಎಂಬ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಎಲ್ಲಿಯೂ ಕಂಡಿರಲಿಲ್ಲ. ಈ ದಂಪತಿಗಳು 1951ರಲ್ಲಿ ಮದರಾಸು ಸರ್ಕಾರ ಕೊಂಡ ಡವ್ ಎಂಬ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿ ತಂದು ದಾಖಲೆ ಸ್ಥಾಪಿಸಿದರು.

ಎರಡನೆಯದು ಎನ್‌ಸಿಸಿಯ ಸ್ಥಾಪನೆ. ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನಂತೆ 1948ರಲ್ಲಿ ರಾಷ್ಟ್ರೀಯ ಕೆಡೆಟ್ ದಳದ ಕಾಯಿದೆ ಬಂದಿತು. ಮೊದಲಿಗೆ ಭೂಸೇನೆಯ ವಿಭಾಗ, 1949ರಲ್ಲಿ ಬಾಲಿಕೆಯರ ವಿಭಾಗ. 1950ರಲ್ಲಿ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ಒಂದೊಂದು ಸ್ಕ್ವಾಡ್ರನ್‌ನೊಂದಿಗೆ ವಾಯುವಿಭಾಗ, ಅಂದರೆ ಏರ್ ವಿಂಗ್, ಆರಂಭವಾಯಿತು. ಅಮೆರಿಕದ ಕಾಲೇಜು ಹಾರಾಟ ಯೋಜನೆಗೆ ನಮ್ಮಲ್ಲಿ ಸಮೀಪದ ಬಂಧು ಇದೇ. ಬಿಎಸ್ಸಿಯನ್ನೋ ಬಿಎ ಪದವಿಯನ್ನೋ ಓದುವ ವಿದ್ಯಾರ್ಥಿ ವಾರದ ಪೆರೇಡಿನ ಜೊತೆಗೆ ವಿಮಾನ ಹೇಗೆ ಹಾರುತ್ತದೆಂಬ ಪಾಠ ಕೇಳಿ, ಆಯ್ಕೆಯಾದರೆ ಗ್ಲೈಡರ್ ಅಥವಾ ಲಘು ವಿಮಾನದಲ್ಲಿ ಶಿಕ್ಷಕನ ಪಕ್ಕದಲ್ಲಿ ಕೂತು ಹಾರಬಹುದು. ಮುಂದೆ ನಮ್ಮ ರಾಜ್ಯದ ಏರ್ ವಿಂಗ್ ಕೆಡೆಟ್‌ಗಳಿಗೂ ಅದೇ ಜಕ್ಕೂರು ಹಾರಾಟದ ಮೈದಾನವಾಯಿತು. 1948ರಲ್ಲಿ ಹುಟ್ಟಿದ ಎರಡು ದಾರಿಗಳು ಹೀಗೆ ಒಂದೇ ರನ್‌ವೇಯಲ್ಲಿ ಕೂಡಿದವು.

ಈಗ ಘಾಟಗೆಯವರ ವಿಷಯ. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ವಾಯುಪಡೆಯ ಎಷ್ಟೋ ತಲೆಮಾರುಗಳು ಅದರಲ್ಲಿಯೇ ಅಕ್ಷರಾಭ್ಯಾಸ ಮಾಡಿದವು. 1958ರ ಸೆಪ್ಟೆಂಬರ್‌ನಲ್ಲಿ ‘ಪುಷ್ಪಕ’ ಹಾರಿತು. ರಾಮಾಯಣದ ಹೆಸರು ಹೊತ್ತ ಈ ಪುಟ್ಟ ವಿಮಾನ ನಾಗರಿಕ ಕಲಿಕೆಗೆಂದೇ ಕಟ್ಟಿದ್ದು. ರೆಕ್ಕೆ ತಲೆಯ ಮೇಲೆ, ಗುರು-ಶಿಷ್ಯರು ಅಕ್ಕಪಕ್ಕ ಕೂರುವ ಎರಡೇ ಆಸನ, 90 ಅಶ್ವಶಕ್ತಿಯ ಇಂಜಿನ್, ಬಟ್ಟೆ ಹೊದಿಸಿದ ಮೈ. ಮಿಲ್ಲಿನ ಊರಿನವನಾದ ನನಗೆ ಬಟ್ಟೆ ಹೊದ್ದ ವಿಮಾನವೆಂದು ಓದಿ ಬಹಳ ಸಂತೋಷವಾಯಿತು. ಇಂಥ ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ಬೆಂಗಳೂರಿನಲ್ಲಿ ತಯಾರಾಗಿ ದೇಶದ ಹಾರಾಟದ ಕ್ಲಬ್ಬುಗಳಿಗೆ ಹೋದವು. ಅಂದರೆ 1960ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ತರಬೇತಿ ವಿಮಾನ ಕಟ್ಟುವ ಕಾರ್ಖಾನೆ, ಅದರ ಶಾಸ್ತ್ರ ಕಲಿಸುವ ಸಂಸ್ಥೆ, ಹಾರಲು ಕಲಿಸುವ ಸರ್ಕಾರಿ ಶಾಲೆ ಎಲ್ಲವೂ ಒಂದೇ ಊರಿನಲ್ಲಿದ್ದವು. ದಾವಣಗೆರೆಯಿಂದ ಅಲ್ಲಿಗೆ ಒಂದು ರಾತ್ರಿಯ ರೈಲು ಪ್ರಯಾಣ.

ಹಾರಾಟದ ಕಲಿಕೆಯೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಗಣಿತದ ಮೇಷ್ಟರಿಗೆ ಇದು ಪ್ರಿಯವಾದ ಭಾಗ. ಮೊದಲು ವಿದ್ಯಾರ್ಥಿಯ ಪರವಾನಗಿ ಮತ್ತು ವೈದ್ಯಕೀಯ ತಪಾಸಣೆ. ಬಳಿಕ ಶಿಕ್ಷಕನೊಡನೆ ಮೈದಾನದ ಸುತ್ತ ಆಯತಾಕಾರದ ಸುತ್ತುಗಳು: ಗಾಳಿಗೆ ಎದುರಾಗಿ ಏರುವುದು, ಅಡ್ಡ ತಿರುಗುವುದು, ಗಾಳಿಯ ದಿಕ್ಕಿನಲ್ಲಿ ಸಾಗುವುದು, ಮತ್ತೆ ತಿರುಗಿ ಗಾಳಿಗೆ ಮುಖ ಕೊಟ್ಟು ಇಳಿಯುವುದು. ಇದನ್ನೇ ಹತ್ತಾರು ಗಂಟೆ ತಿದ್ದುತ್ತಾರೆ, ನಾವು ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದ ಹಾಗೆ. ವೇಗ ಕುಂದಿ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ ಚೇತರಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿ ಕರಾವಳಿಗಿಂತ ತೆಳು. ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕು. ಒಂದು ದಿನ ಶಿಕ್ಷಕ ಬಾಗಿಲು ತೆರೆದು ಕೆಳಗಿಳಿದು, "ಹೋಗು, ನೀನೊಬ್ಬನೇ ಒಂದು ಸುತ್ತು ಹಾಕಿ ಬಾ" ಎನ್ನುತ್ತಾನೆ. ಅದೇ ಮೊದಲ ಏಕಾಂಗಿ ಹಾರಾಟ. ಹಾರಿದವರು ಯಾರೂ ಆ ದಿನವನ್ನು ಮರೆತಿಲ್ಲವಂತೆ.

ಆಮೇಲೆ ಊರಿಂದ ಊರಿಗೆ ಹಾರುವ ಪಾಠ. ನಕ್ಷೆ, ದಿಕ್ಸೂಚಿ, ಗಡಿಯಾರ ಇವು ಸಾಮಗ್ರಿ. ಉದಾಹರಣೆಗೆ, ಗಂಟೆಗೆ 120 ಕಿಲೋಮೀಟರ್ ವೇಗದ ವಿಮಾನವು ನೇರ ಪೂರ್ವಕ್ಕೆ ಹೋಗಬೇಕು, ಉತ್ತರದಿಂದ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದೆ ಎನ್ನೋಣ. ಪೈಲಟ್ ಮೂತಿಯನ್ನು ನೇರ ಪೂರ್ವಕ್ಕೆ ಇಟ್ಟರೆ ಒಂದು ಗಂಟೆಯಲ್ಲಿ 30 ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಬೇರೆ ಊರು ಸೇರುತ್ತಾನೆ. ಆದ್ದರಿಂದ ಮೂತಿಯನ್ನು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕೆ ತಿರುಗಿಸಿ ಹಾರಬೇಕು. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ಹಾಗೆಯೇ ಒರಗಿಬಿಟ್ಟೆ. ಇದು ಹೊಳೆ ದಾಟುವ ದೋಣಿಯ ಲೆಕ್ಕವಲ್ಲದೆ ಮತ್ತೇನು? ತುಂಗಭದ್ರೆಯ ಹರಿವು ಇಷ್ಟು, ಅಂಬಿಗನ ವೇಗ ಇಷ್ಟು, ಎದುರು ದಡದ ನೇರ ಸ್ಥಳಕ್ಕೆ ಸೇರಲು ದೋಣಿಯನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ನಾನು ಹರಿಹರದ ಆ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆದು ಕೇಳುತ್ತಿದ್ದೆ. ಆ ಹುಡುಗ ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದ. ಪೈಲಟ್‌ನ ಲೆಕ್ಕವನ್ನೇ ಕಲಿಸಿ, ಪೈಲಟ್ ಆಗುವುದು ನಿನಗಲ್ಲ ಎಂದಿದ್ದೆನಲ್ಲ!

ನನಗೇಕೆ ತಿಳಿದಿರಲಿಲ್ಲ? ಎಪ್ಪತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ಬಿಎಸ್ಸಿ ಓದುವಾಗ ನಾನೂ ಎನ್‌ಸಿಸಿಯಲ್ಲಿದ್ದವನೇ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಕಡ್ಡಾಯವಾಗಿದ್ದ ಎನ್‌ಸಿಸಿ 1968ರಿಂದ ಐಚ್ಛಿಕವಾಗಿತ್ತು. ನಾನು ಸೇರಿದ್ದು ಖಾಕಿ ತೊಡುವ ಭೂಸೇನೆಯ ವಿಭಾಗ. ಮುಂಜಾನೆ ಪೆರೇಡ್, ಪಾಲಿಶ್ ಹಾಕಿದ ಬೂಟು, ಪೆರೇಡ್ ಮುಗಿದ ಮೇಲೆ ಕೊಡುವ ತಿಂಡಿ, ವರ್ಷಕ್ಕೊಂದು ಕ್ಯಾಂಪ್. ತಿಳಿನೀಲಿ ಸಮವಸ್ತ್ರದ ಏರ್ ವಿಂಗ್ ಎಂಬುದೊಂದಿದೆ ಎಂದು ಪುಸ್ತಕದಲ್ಲಿ ಓದಿದ್ದೆನೇ ಹೊರತು ಅದು ಬೆಂಗಳೂರಿನಲ್ಲಿಯೇ ಇದೆ, ಅಲ್ಲಿ ಪದವಿಗೆ ಸೇರಿದರೆ ನಮ್ಮ ಊರಿನ ಹುಡುಗನೂ ಸೇರಬಹುದು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಬಿಎಡ್ ಮಾಡಿದಾಗ ಮಕ್ಕಳ ಮನಃಶಾಸ್ತ್ರ ಕಲಿತೆ. ಮಕ್ಕಳಿಗೆ ಯಾವ ಯಾವ ದಾರಿಗಳಿವೆ ಎಂಬುದನ್ನು ಕಲಿಯಲಿಲ್ಲ.

ಕೊಡಗಿನ ಉದಾಹರಣೆ ನೋಡಿ. ಅಲ್ಲಿಯೂ ಎಲ್ಲರೂ ಸಿರಿವಂತರಲ್ಲ. ಆದರೆ ಮನೆಗೊಬ್ಬ ಸೈನಿಕನಿದ್ದ ನಾಡಿನಲ್ಲಿ ಸೇನೆಯ ದಾರಿ ಅಡುಗೆಮನೆಯ ಮಾತಾಗಿತ್ತು. 1954ರಲ್ಲಿ ವಾಯುಪಡೆ ಸೇರಿದ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದುರುಳಿಸಿ ವೀರಮರಣ ಹೊಂದಿದರು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅಲ್ಲಿನ ಹುಡುಗನಿಗೆ ಪೈಲಟ್ ಎಂದರೆ ಪಕ್ಕದ ಮನೆಯ ಅಣ್ಣ. ನಮ್ಮ ಹುಡುಗನಿಗೆ ಪೈಲಟ್ ಎಂದರೆ ಆಕಾಶದಲ್ಲಿ ಬಿಳಿಗೆರೆ ಎಳೆದು ಮರೆಯಾಗುವ ಚುಕ್ಕೆ. ಇಂಥ ಊರುಗಳಲ್ಲಿ ಅಣ್ಣನ ಸ್ಥಾನವನ್ನು ಮೇಷ್ಟರೇ ತುಂಬಬೇಕಿತ್ತು.

ಹುಡುಕುತ್ತ ಹೋದಾಗ ನನ್ನನ್ನು ಅತಿಯಾಗಿ ಕಾಡಿದ ಸಂಗತಿ ಇದು. ಇಂದು ವಾಣಿಜ್ಯ ಪೈಲಟ್ ಆಗಲು ಭೌತಶಾಸ್ತ್ರ, ಗಣಿತ ಓದಿ ಪಿಯುಸಿ ಪಾಸಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ನಿಯಮ ಬಂದದ್ದು 1990ರ ದಶಕದ ಮಧ್ಯಭಾಗದಲ್ಲಿ. ಅದಕ್ಕೆ ಮೊದಲು ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕಿತ್ತು. ಅಂದರೆ 1986ರಲ್ಲಿ ನನ್ನ ಎದುರು ನಿಂತಿದ್ದ ಹುಡುಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ದಿನವೇ ಓದಿನ ಮಟ್ಟಿಗೆ ಅರ್ಹನಾಗಿದ್ದ.

ಉತ್ಪ್ರೇಕ್ಷೆ ಮಾಡಬಾರದು. ಅರ್ಹತೆಯೊಂದೇ ಸಾಲದು, ಹಾರಾಟದ ಗಂಟೆಗಳಿಗೆ ಹಣ ಬೇಕಿತ್ತು, ಅದು ಸರ್ಕಾರಿ ಶಾಲೆಯಲ್ಲಿಯೂ ಒಬ್ಬ ಟರ್ನರ್‌ನ ಸಂಬಳಕ್ಕೆ ನಿಲುಕುತ್ತಿರಲಿಲ್ಲವೆಂದೇ ತೋರುತ್ತದೆ. ಆದರೆ ಹಣ ಬೇಡದ ದಾರಿಯೂ ಇತ್ತು. ಪುಣೆಯ ಸಮೀಪದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಪರೀಕ್ಷೆ ಪಾಸಾಗಿ ಸೇರಿದವರ ತರಬೇತಿಯ ವೆಚ್ಚವೆಲ್ಲ ಸರ್ಕಾರದ್ದು. ಆ ಹುಡುಗ ಆಯ್ಕೆಯಾಗುತ್ತಿದ್ದನೋ ಇಲ್ಲವೋ ನಾನರಿಯೆ. ಕಣ್ಣಿನ ದೋಷವೊಂದೇ ಸಾಕು, ಹಿಂದಕ್ಕೆ ಕಳಿಸುತ್ತಾರೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಆಯ್ಕೆ ಮಂಡಳಿಯವರು. ಹರಿಹರದ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಾನು ಅವರಿಗಿಂತ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಆಮೇಲಿನ ಕಥೆ ಬೇಗ ಹೇಳಬಹುದು. 1985ರಲ್ಲಿ ಕೇಂದ್ರ ಸರ್ಕಾರ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯನ್ನು ಸ್ಥಾಪಿಸಿತು. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದ ಮೇಲೆ ಸಾಮಾನ್ಯರೂ ವಿಮಾನ ಹತ್ತಿದರು, ಪೈಲಟ್‌ಗಳ ಬೇಡಿಕೆ ಏರಿತು. ಖಾಸಗಿ ತರಬೇತಿ ಸಂಸ್ಥೆಗಳು ಹೆಚ್ಚಿದವು, ಶುಲ್ಕವೂ ಏರಿತು. ಇಂದು ಅದು ಅರ್ಧ ಕೋಟಿ ರೂಪಾಯಿಯ ಆಸುಪಾಸಿನ ಮಾತು. ಇತ್ತ ಜಕ್ಕೂರಿನ ಸುತ್ತ ಬೆಂಗಳೂರು ಬೆಳೆಯಿತು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೇಲುರಸ್ತೆ ರನ್‌ವೇಯ ತುದಿಯಲ್ಲಿಯೇ ಎದ್ದುನಿಂತು, ಬಳಸಬಹುದಾದ ಉದ್ದ ಕಡಿಮೆಯಾಯಿತು. ಸರ್ಕಾರಿ ಶಾಲೆಯ ತರಬೇತಿ ಹಲವು ವರ್ಷ ಕುಂಟಿತು. ಸಿರಿವಂತರ ಕ್ಲಬ್ಬಿನಿಂದ ಪ್ರಜೆಗಳ ಶಾಲೆಗೆ ಬಂದಿದ್ದ ವಿದ್ಯೆ ಮತ್ತೆ ದುಡ್ಡಿನ ಕಡೆಗೆ ಸರಿಯಿತೆಂದು ನನಗನ್ನಿಸುತ್ತದೆ. 1986ರಲ್ಲಿ ನಾನಾಡಿದ ಮಾತು ಅಂದಿಗಿಂತ ಇಂದೇ ಹೆಚ್ಚು ನಿಜವಾಗುವ ಹಾಗಿದೆ, ಆದ್ದರಿಂದಲೇ ಅದನ್ನು ಮಕ್ಕಳ ಮುಂದೆ ಇಂದು ಆಡಲೇಬಾರದು.

ಎರಡು ವಾರದ ನಂತರ ತಂದೆ-ಮಗಳು ಮನೆಗೆ ಬಂದರು. ನಾನು ಒಂದು ಹಾಳೆಯಲ್ಲಿ ಬರೆದಿಟ್ಟದ್ದನ್ನು ಓದಿ ಹೇಳಿದೆ. ಅದರ ಸಾರ ಬೇರೆ ಮಕ್ಕಳಿಗೂ ಉಪಯೋಗವಾದೀತು.

ಮೊದಲು ವೈದ್ಯಕೀಯ ತಪಾಸಣೆ. ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಮಾನ್ಯತೆ ಪಡೆದ ವೈದ್ಯರಲ್ಲಿ ಎರಡನೆಯ ದರ್ಜೆಯ ತಪಾಸಣೆ, ಬಳಿಕ ಒಂದನೆಯ ದರ್ಜೆಯದು. ಇವೆರಡೂ ಮುಗಿಯುವ ತನಕ ಯಾವ ಸಂಸ್ಥೆಗೂ ಒಂದು ರೂಪಾಯಿ ಕಟ್ಟಬಾರದು. ವಾಣಿಜ್ಯ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಬೇಕು, ಜೊತೆಗೆ ವಿಮಾನ ಸಂಚಾರ ಶಾಸ್ತ್ರ, ಹವಾಮಾನ, ವಾಯುಯಾನ ನಿಯಮ ಮುಂತಾದ ವಿಷಯಗಳ ಪರೀಕ್ಷೆಗಳು. ಸೇರುವ ಸಂಸ್ಥೆ ಡಿಜಿಸಿಎ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು. 2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆಂದು ಆರಿಸಿದ ವಿಮಾನ ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ, ಕಲಬುರಗಿಗಳೂ ಇದ್ದವು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೊದಲ ಗುಂಪಿನಲ್ಲಿ ವಾಣಿಜ್ಯ ಪೈಲಟ್ ತರಬೇತಿಯೂ ಸೇರಿದೆ. ಇದನ್ನು ಎಷ್ಟು ಮೇಷ್ಟರು ಬಲ್ಲರು?

ಹಣವಿಲ್ಲದವರಿಗೆ ವಾಯುಪಡೆಯ ದಾರಿ ಇಂದಿಗೂ ತೆರೆದಿದೆ, ಹಿಂದಿಗಿಂತ ಅಗಲವಾಗಿದೆ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೆಣ್ಣುಮಕ್ಕಳೂ 2022ರಿಂದ ಸೇರುತ್ತಿದ್ದಾರೆ. ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂದಿತು. ಪದವಿಯ ಜೊತೆ ಎನ್‌ಸಿಸಿ ಏರ್ ವಿಂಗ್‌ನ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಆಯ್ಕೆ ಮಂಡಳಿಯ ಮುಂದೆ ನಿಲ್ಲುವ ವಿಶೇಷ ಅವಕಾಶವಿದೆ. ಅಂಥ ಒಂದು ಆಯ್ಕೆ ಮಂಡಳಿ ಮೈಸೂರಿನಲ್ಲಿಯೇ ಇದೆ. ಪೈಲಟ್‌ನ ಸಹಜ ಸಾಮರ್ಥ್ಯ ಅಳೆಯುವ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಆದ್ದರಿಂದ ಸಿದ್ಧತೆಯಿಲ್ಲದೆ ಹೋಗಬಾರದು. ಆಯ್ಕೆಯಾದವರು ಹೈದರಾಬಾದಿನ ಬಳಿಯ ದುಂಡಿಗಲ್‌ನಲ್ಲಿ ಕಲಿಯುತ್ತಾರೆ. ಯುದ್ಧವಿಮಾನಕ್ಕೆ ಹೋಗುವವರು ‘ಹಾಕ್’ ವಿಮಾನದಲ್ಲಿ ಪಳಗುವುದು ನಮ್ಮ ಬೀದರಿನಲ್ಲಿ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳಲ್ಲಿ ಒಬ್ಬರಾದ ಭಾವನಾ ಕಾಂತ್ ಇಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಬಿಎಂಎಸ್ ಕಾಲೇಜಿನಲ್ಲಿ. 2018ರಲ್ಲಿ ಆ ಸಾಲಿಗೆ ಸೇರಿದ ಮೇಘನಾ ಶಾನಭಾಗ್ ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯವರು.

ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೊದಲು ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯುತ್ತಾಳಂತೆ. ಆಗದಿದ್ದರೆ ಏರ್ ವಿಂಗ್ ಇರುವ ಕಾಲೇಜನ್ನು ಹುಡುಕಿ ಪದವಿಗೆ ಸೇರುವುದು. ನಾನು ಹಾಳೆಯ ಹಿಂಬದಿಯಲ್ಲಿ ಗಾಳಿಯ ತ್ರಿಕೋನ ಬರೆದು ಲೆಕ್ಕ ಕೊಟ್ಟೆ. ಅವಳು ಪೆನ್ಸಿಲ್ ಎತ್ತುವಷ್ಟರಲ್ಲಿ ಅವಳಪ್ಪ ಪಕ್ಕದಿಂದ ಬಗ್ಗಿ ನೋಡಿ, "ಇದು ಹೊಳೆ ದಾಟೋ ದೋಣಿ ಲೆಕ್ಕ ಅಲ್ವಾ ಸಾರ್?" ಎಂದ.

"ಹೌದಪ್ಪ, ಅದೇ" ಎಂದೆ. ಬಳಿಕ ಇಷ್ಟು ವರ್ಷ ಹೇಳದೆ ಉಳಿದಿದ್ದ ಮಾತನ್ನು ಹೇಳಿದೆ: "ಅವತ್ತು ನೀನು ಕೇಳಿದಾಗ ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅನ್ನಬೇಕಿತ್ತು. ಹಾಗನ್ನಲಿಲ್ಲ. ತಪ್ಪಾಯಿತು."

ಅವನು ಗಾಬರಿಯಿಂದ ಎದ್ದು ನಿಂತ. "ಏನ್ ಸಾರ್ ಇದು, ನೀವು ಹೇಳಿದ ಕೆಲ್ಸದಾಗೇ ಹೊಟ್ಟೆ ತುಂಬೈತಿ" ಎಂದ. ಅದು ಅವನ ದೊಡ್ಡತನ. ಮಗಳು ಅಷ್ಟರಲ್ಲಿ ಲೆಕ್ಕ ಬಿಡಿಸಿ ಹಾಳೆಯನ್ನು ನನ್ನ ಕಡೆ ಸರಿಸಿದಳು. ಉತ್ತರ ಸರಿಯಾಗಿತ್ತು.